ದುಗ್ಗಮ್ಮನ ಜಾತ್ರೆ, ರಂಜಾನ್ ಹಬ್ಬ ಮತ್ತು ಸರ್ಕಾರಿ ಶಾಲೆಯ ಕಿರುಪರೀಕ್ಷೆ

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ನಡೆಯುವ ವಾರದಲ್ಲಿ ಕಿರುಪರೀಕ್ಷೆ ಇಟ್ಟುಕೊಳ್ಳುವ ಮುಖ್ಯೋಪಾಧ್ಯಾಯರನ್ನು ನಾನು ಕಂಡಿಲ್ಲ. ಇಟ್ಟರೂ ಮಕ್ಕಳು ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿನ ದಿನ ಚಳ್ಳಕೆರೆ ಸೀಮೆಯಲ್ಲೂ ಇದೇ ಪದ್ಧತಿ. ಇದನ್ನು ಯಾರೂ ಧಾರ್ಮಿಕ ರಿಯಾಯಿತಿ ಎಂದು ಕರೆಯುವುದಿಲ್ಲ. ಊರಿನ ನಡಾವಳಿ ಎನ್ನುತ್ತಾರೆ. ಆದರೆ ರಂಜಾನ್ ಹಬ್ಬದ ಮರುದಿನವೇ ಗಣಿತದ ಕಿರುಪರೀಕ್ಷೆ ನಿಗದಿಯಾಗಿ, ಪಾಲಕರೊಬ್ಬರು ಬಂದು ‘ಎರಡು ದಿನ ಮುಂದಕ್ಕೆ ಹಾಕಿ ಸಾರ್’ ಎಂದು ಕೇಳಿದರೆ, ಅವರು ಹೊರಟ ಮೇಲೆ ಶಿಕ್ಷಕರ ಕೊಠಡಿಯಲ್ಲಿ ‘ಇವರಿಗೊಂದು ಬೇರೆ ವೇಳಾಪಟ್ಟಿ ಮಾಡಬೇಕಂತೆ’ ಎಂಬ ಮಾತು ಬರುತ್ತದೆ. ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಬೋಧಿಸಿ ನಿವೃತ್ತನಾದ ನಾನು ಈ ಎರಡು ಅಳತೆಗಳ ಬಗ್ಗೆಯೇ ಬರೆಯಬೇಕೆಂದಿದ್ದೇನೆ. ಸರ್ಕಾರಿ ಶಾಲೆ ಹಲವು ನಂಬಿಕೆಗಳಿಗೆ ಎಡೆ ಮಾಡಿಕೊಡಬೇಕೇ ಎಂದು ಚರ್ಚಿಸುವವರು, ಅದು ಈಗಾಗಲೇ ಒಂದು ಪಾಲಿನ ಮಕ್ಕಳಿಗೆ ಅವರು ಕೇಳದೆಯೇ ಎಡೆ ಮಾಡಿಕೊಟ್ಟಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು.

ಕಾನೂನಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಗಳಲ್ಲಿಯೂ, ಮಗುವಿನ ಪೋಷಕರು ಒಪ್ಪದೆ ಅದನ್ನು ಧಾರ್ಮಿಕ ಬೋಧನೆಯಲ್ಲಾಗಲಿ ಪೂಜೆ ಪ್ರಾರ್ಥನೆಯಲ್ಲಾಗಲಿ ಕೂರಿಸುವಂತಿಲ್ಲ. ಮಠಗಳು ಮತ್ತು ಚರ್ಚುಗಳು ನಡೆಸುವ ಶಾಲೆಗಳು ತುಂಬಿರುವ ನಮ್ಮ ಎರಡು ಜಿಲ್ಲೆಗಳಲ್ಲಿ ಈ ಎರಡನೆಯ ಮಾತು ಬಹುಮಂದಿ ಪೋಷಕರಿಗೆ ತಿಳಿದೇ ಇಲ್ಲ. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಯ ಹೊತ್ತಿನಲ್ಲಿ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಲ್ಪಟ್ಟಾಗ, 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ತೀರ್ಪಿತ್ತಿತು. ಎಲ್ಲರೂ ಹಾಡುವಾಗ ಸುಮ್ಮನೆ ನಿಲ್ಲುವ ಮಗುವನ್ನು ಅನುಮಾನದಿಂದ ನೋಡುವ ಶಿಕ್ಷಕರು ಈ ಪ್ರಕರಣವನ್ನು ಓದಬೇಕು.

ಬಿಸಿಯೂಟದ ಮೊಟ್ಟೆಯ ವಿಷಯ ನನಗೆ ಹೆಚ್ಚು ಆಸಕ್ತಿಯದು, ಏಕೆಂದರೆ ಅಲ್ಲಿ ಪತ್ರಿಕೆಗಳ ಚರ್ಚೆ ಒಂದು ದಾರಿ ಹಿಡಿದರೆ ಊರಿನ ವಾಸ್ತವ ಇನ್ನೊಂದು ದಾರಿಯಲ್ಲಿದೆ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಪೌಷ್ಟಿಕತೆಯ ಪರವಾಗಿದ್ದವರು ಮಕ್ಕಳ ಹಸಿವಿನ ಲೆಕ್ಕ ಮುಂದಿಟ್ಟರು. ಕೊನೆಗೆ ಅದು ಸಸ್ಯಾಹಾರಿ ಮೇಲ್ಜಾತಿ ಮತ್ತು ಮಾಂಸಾಹಾರಿ ಬಹುಜನರ ನಡುವಿನ ಜಗಳದಂತೆ ಕಾಣಿಸಿಕೊಂಡಿತು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸನಾಯಕರ ಹಟ್ಟಿಗಳಿಗೆ ಹೋದರೆ ಈ ಚೌಕಟ್ಟು ನಿಲ್ಲುವುದಿಲ್ಲ. ಕುರಿ ಮೇಕೆ ತಿನ್ನುವ ಆ ಜನ ಪರಂಪರೆಯಿಂದ ಕೋಳಿಯನ್ನು ಮುಟ್ಟುವವರಲ್ಲ. ಕಟ್ಟುಪಾಡು ಬಿಗಿಯಾಗಿರುವ ಮನೆಗಳಿಗೆ ಮೊಟ್ಟೆಯೂ ವರ್ಜ್ಯ. ಪರಿಶಿಷ್ಟ ಪಂಗಡದ ಆ ಮಗು ಬಾಳೆಹಣ್ಣು ಕೇಳಿದರೆ ಅದು ಯಾವ ಮೇಲ್ಜಾತಿಯ ಮಡಿವಂತಿಕೆಯೂ ಅಲ್ಲ. (ಶಾಲೆಯಲ್ಲಿ ಮೊಟ್ಟೆ ತಿಂದು ಮನೆಯಲ್ಲಿ ಬಾಯಿ ಬಿಡದ ಹುಡುಗರೂ ಇದ್ದರೆನ್ನಿ, ಅವರ ಗುಟ್ಟನ್ನು ಕಾಪಾಡುವುದೂ ಶಿಕ್ಷಕರ ಕೆಲಸವೇ.) ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆಯನ್ನು ಸರ್ಕಾರ ಮಾಡಿದೆ, ಅದು ಸರಿಯಾಗಿದೆ. ಕೆಡುವುದು ಬಡಿಸುವ ಜಾಗದಲ್ಲಿ. ಮೊಟ್ಟೆಯವರಿಗೊಂದು ಸಾಲು, ಹಣ್ಣಿನವರಿಗೊಂದು ಸಾಲು ಮಾಡಿದರೆ ಯಾರ ಮನೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಶಾಲೆಯೇ ಸಾರಿದಂತೆ. ಎರಡು ಬುಟ್ಟಿಗಳನ್ನೂ ಒಂದೇ ಮೇಜಿನ ಮೇಲಿಟ್ಟು ಮಕ್ಕಳು ಬೇಕಾದ್ದನ್ನು ತೆಗೆದುಕೊಂಡು ಒಂದೇ ಪಂಕ್ತಿಯಲ್ಲಿ ಕೂರುವಂತೆ ಮಾಡಲು ಯಾವ ಸುತ್ತೋಲೆಯೂ ಬೇಕಾಗಿಲ್ಲ.

ರಂಜಾನ್ ತಿಂಗಳಲ್ಲಿ ಉಪವಾಸವಿರುವ ಮಕ್ಕಳ ವಿಷಯವೂ ಹೀಗೆಯೇ. ಮುಸ್ಲಿಂ ಕುಟುಂಬಗಳು ಹೆಚ್ಚಾಗಿರುವ, ಮಂಡಕ್ಕಿ ಭಟ್ಟಿಗಳ ಬಡಾವಣೆಗಳ ಶಾಲೆಗಳಲ್ಲಿ ಶಿಕ್ಷಕರು ಇದನ್ನು ಚೆನ್ನಾಗಿ ನಿಭಾಯಿಸುತ್ತಾರೆ: ಊಟದ ಹೊತ್ತಿನಲ್ಲಿ ಗ್ರಂಥಾಲಯದ ಬಾಗಿಲು ತೆರೆದಿಡುತ್ತಾರೆ, ಮಾರ್ಚ್ ಬಿಸಿಲಿನಲ್ಲಿ ಓಡಿಸುವುದಿಲ್ಲ, ತಲೆ ಸುತ್ತಿದ ಮಗುವಿಗೆ ನೀರು ಕುಡಿಸಿ ತಾಯಿಗೆ ಹೇಳಿ ಕಳಿಸುತ್ತಾರೆ. ತೊಂದರೆ ಆಗುವುದು ತರಗತಿಯಲ್ಲಿ ಅಂತಹ ಮಕ್ಕಳು ಒಬ್ಬಿಬ್ಬರೇ ಇರುವ ಶಾಲೆಗಳಲ್ಲಿ. ಅಲ್ಲಿ ಅವರನ್ನು ಹೆಸರಿನಿಂದ ಕರೆಯದೆ ‘ಆ ಸಾಬರ ಹುಡುಗಿ’ ಎಂದು ಕರೆಯುವ ಶಿಕ್ಷಕರನ್ನು ಕಂಡಿದ್ದೇನೆ. ಕರೆದವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ ಎಂದು ಅವರ ಪರವಾಗಿ ವಾದಿಸಬಹುದು, ಆದರೆ ಹುಡುಗಿ ಅದನ್ನು ಕೇಳಿಸಿಕೊಂಡಿರುತ್ತಾಳೆ.

ಹಿಜಾಬಿನ ಪ್ರಶ್ನೆಯನ್ನು ಬಿಟ್ಟು ಹೋದರೆ ಅದು ಹೇಡಿತನವಾದೀತು. ಸಮವಸ್ತ್ರವನ್ನು ಕಡ್ಡಾಯಗೊಳಿಸಿದ 2022ರ ಫೆಬ್ರುವರಿ 5ರ ಸರ್ಕಾರಿ ಆದೇಶ, ಪ್ರೌಢಶಾಲೆ ಹಾಗೂ ಕಾಲೇಜುಗಳಿಗೆ ಘೋಷಿಸಿದ 3 ದಿನಗಳ ರಜೆ, ಆದೇಶವನ್ನು ಎತ್ತಿಹಿಡಿದ ಹೈಕೋರ್ಟಿನ ಮಾರ್ಚ್ 15ರ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಮೂಡಿದ ಭಿನ್ನಮತ, ಇವೆಲ್ಲ ದಾಖಲೆಯಲ್ಲಿವೆ. ಸಮವಸ್ತ್ರ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಬಡವರ ಮಗುವಿನ ಬಡತನವನ್ನು ಅದು ಮರೆಸುತ್ತದೆ. ಆದರೆ ಸಮವಸ್ತ್ರದ ಬಣ್ಣದ್ದೇ ಶಿರವಸ್ತ್ರ ಧರಿಸಿದ ಹುಡುಗಿ ಪಾಠ ಕೇಳುವುದರಿಂದ ಪಕ್ಕದವಳ ಓದಿಗೆ ಯಾವ ಅಡ್ಡಿಯೂ ಇಲ್ಲ, ಅವಳು ಗೇಟಿನಿಂದ ಹಿಂತಿರುಗಿದರೆ ಮಾತ್ರ ಒಂದು ಓದು ಖಂಡಿತವಾಗಿ ನಿಲ್ಲುತ್ತದೆ ಎಂಬುದು ನನ್ನ ನಿಲುವು. ಅಂದಿನ ಭಿನ್ನ ತೀರ್ಪಿನಲ್ಲಿ ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರು ಹೆಣ್ಣುಮಕ್ಕಳ ಶಿಕ್ಷಣವನ್ನೇ ಮುಖ್ಯವಾಗಿಟ್ಟುಕೊಂಡರು. ಶಿಕ್ಷಕನಾಗಿ ನನಗೂ ಅದೇ ಮುಖ್ಯವಾಗಿ ಕಾಣುತ್ತದೆ.

ಹಾಗೆಂದು ನಂಬಿಕೆಯ ಹೆಸರಿನಲ್ಲಿ ಬಂದದ್ದಕ್ಕೆಲ್ಲ ಶಾಲೆ ತಲೆಬಾಗಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು ಹಟ್ಟಿಯ ಹೊರಗಿರಿಸುವ ರೂಢಿಯಿದೆ, ಆ ದಿನಗಳಲ್ಲಿ ಅವರ ಶಾಲೆಯೂ ತಪ್ಪುತ್ತದೆ. ದೇವರ ಕಟ್ಟಳೆ ಎಂದು ಹಿರಿಯರು ಹೇಳುವಾಗ ಅವರನ್ನು ಗೇಲಿ ಮಾಡದೆ, ಆದರೆ ಒಪ್ಪಿಕೊಳ್ಳಲೂ ಹೋಗದೆ, ಹಟ್ಟಿಗೆ ಹೋಗಿ ಮಾತಾಡಿ ಹುಡುಗಿಯನ್ನು ತರಗತಿಗೆ ಕರೆತರಬೇಕಾದವರು ಶಿಕ್ಷಕಿಯರು. ಹಿಜಾಬಿನ ವಿಷಯದಲ್ಲಿ ಒಂದು, ಇಲ್ಲಿ ಇನ್ನೊಂದು ಹೇಳುತ್ತೀರಲ್ಲ ಎಂದು ಯಾರಾದರೂ ಕೇಳಬಹುದು. ಎರಡೂ ಕಡೆ ನಾನು ನೋಡುವುದು ಹುಡುಗಿ ತರಗತಿಯ ಒಳಗಿದ್ದಾಳೆಯೇ ಹೊರಗಿದ್ದಾಳೆಯೇ ಎಂಬುದನ್ನು.

ಧರ್ಮಗಳ ಬಗ್ಗೆ ಮಾತೇ ಎತ್ತದಿರುವುದು ಸುರಕ್ಷಿತ ಎಂಬ ಭಾವನೆ ಈಚೆಗೆ ಶಿಕ್ಷಕರಲ್ಲಿ ಬೆಳೆದಿದೆ. ಮೊಬೈಲಿನಲ್ಲಿ ಒಂದು ತುಣುಕು ಹರಿದಾಡಿದರೆ ವರ್ಗಾವಣೆ ಆದೀತೆಂಬ ಭಯ ಅವರದು. ಧರ್ಮಗಳ ಕುರಿತು ಕಲಿಸುವುದು ಧಾರ್ಮಿಕ ಬೋಧನೆ ಆಗುವುದಿಲ್ಲ ಎಂದು 2002ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದೆ. ಹರಿಹರದಲ್ಲಿ ಶಿವ ಮತ್ತು ವಿಷ್ಣು ಒಂದೇ ಮೂರ್ತಿಯಲ್ಲಿರುವ ಹೊಯ್ಸಳರ ಕಾಲದ ದೇಗುಲವಿದೆ, ಅದೇ ಊರಿನಲ್ಲಿ ಎಲ್ಲ ಮತದವರೂ ಹರಕೆ ಹೊತ್ತು ಬರುವ ಆರೋಗ್ಯ ಮಾತೆಯ ಚರ್ಚಿದೆ, ಸಂತೇಬೆನ್ನೂರಿನಲ್ಲಿ ಪುಷ್ಕರಣಿಯ ಎದುರಿಗೇ ಪ್ರಯಾಣಿಕರ ತಂಗುದಾಣವಾದ ಮುಸಾಫಿರ್‌ಖಾನೆಯಿದೆ. ಒಂದು ದಿನದ ಪ್ರವಾಸದಲ್ಲಿ ಮೂರನ್ನೂ ತೋರಿಸಬಹುದು. ಆದರೆ ಪರೀಕ್ಷೆಗೆ ಮುಂಚಿನ ಸರಸ್ವತಿ ಪೂಜೆಗೆ ಪ್ರತಿ ಮಗುವಿನಿಂದ ಹಣ ಎತ್ತಿ, ಆರತಿಗೆ ಎಲ್ಲರೂ ಸಾಲಾಗಿ ಬರಬೇಕೆನ್ನುವುದು ಬೇರೆ ಮಾತು. ಅದನ್ನು ನಿಲ್ಲಿಸಬೇಕು, ಅಥವಾ ಬರಲು ಇಷ್ಟವಿಲ್ಲದ ಮಗು ಕಾರಣ ಹೇಳದೆ ದೂರವಿರಲು ಸಾಧ್ಯವಾಗಬೇಕು.

ಸರ್ಕಾರದಿಂದ ನಾನು ದೊಡ್ಡದೇನನ್ನೂ ನಿರೀಕ್ಷಿಸುತ್ತಿಲ್ಲ. ಶಾಲೆ ಆರಂಭವಾಗುವ ಹೊತ್ತಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವರ್ಷದ ಕಿರುಪರೀಕ್ಷೆಗಳ ದಿನಾಂಕಗಳನ್ನು ಗೊತ್ತುಮಾಡುವಾಗ ಜಾತ್ರೆಯ ಜೊತೆಗೆ ರಂಜಾನ್, ಬಕ್ರೀದ್, ಶುಭ ಶುಕ್ರವಾರ, ಮಹಾವೀರ ಜಯಂತಿಗಳನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ. ಚಂದ್ರದರ್ಶನದ ಮೇಲೆ ನಿಂತ ಹಬ್ಬಗಳಿಗೆ ಹಿಂದೆ ಮುಂದೆ ಒಂದೊಂದು ದಿನ ಬಿಡಲಿ. ಪಾಲಕರು ಅರ್ಜಿ ಹಿಡಿದು ಬಂದು ಬಾಗಿಲಲ್ಲಿ ನಿಲ್ಲುವುದು ಇಷ್ಟರಿಂದಲೇ ತಪ್ಪುತ್ತದೆ, ಅದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.