ಎರಡು ಮನೆಯ ಹುಂಜ, ಒಂದೇ ತಿಪ್ಪೆ

"ಬಿಡು, ಕೋಳಿ ಜಗಳ. ಅವೇ ಸರಿಮಾಡಿಕೊಳ್ಳುತ್ತವೆ" ಎನ್ನದವರು ನಮ್ಮೂರಿನಲ್ಲಿ ಇಲ್ಲ. ನಾನೂ ಮೂರು ತಿಂಗಳು ಅದನ್ನೇ ನಂಬಿ ಸುಮ್ಮನಿದ್ದೆ. ಆ ಮಾತು ಅರ್ಧ ಮಾತ್ರ ನಿಜ. ಮಿಕ್ಕ ಅರ್ಧಕ್ಕೆ ನಮ್ಮ ಹುಂಜ ಬಲಗಣ್ಣು ತೆತ್ತಿತು.

ನಮ್ಮದು ಶ್ರೀನಿವಾಸಪುರದ ಕಡೆಯ ಹಳ್ಳಿ. ಮನೆಯ ಹಿಂದೆ ನಾಲ್ಕು ಸಾಲು ಮಾವು, ಅದರಾಚೆ ಪಕ್ಕದ ಮನೆಯ ಅಕ್ಕನ ಹಿತ್ತಲು. ನಡುವೆ ಕತ್ತಾಳೆ ಬೇಲಿ. ಬೇಲಿ ಕೊನೆಯಾಗುವ ಕಡೆ ಎರಡೂ ಮನೆಯವರು ಸಗಣಿ ಸುರಿಯುವ ತಿಪ್ಪೆ. ಹುಳುವಿಗಾಗಿ ಎರಡೂ ಮನೆಯ ಕೋಳಿಗಳು ಬೆಳಗಾದರೆ ಅಲ್ಲಿಗೇ ಓಡುತ್ತವೆ.

ಕಣ್ಣು ಹೋದ ದಿನ ನಾನು ಅಲ್ಲಿಗೆ ಹೋಗುವಷ್ಟರಲ್ಲಿ ನಮ್ಮ ಹುಂಜವೂ ಅಕ್ಕನ ಹುಂಜವೂ ತಲೆ ತಗ್ಗಿಸಿ, ಕುತ್ತಿಗೆಯ ಗರಿಯನ್ನು ಛತ್ರಿಯಂತೆ ಬಿಡಿಸಿ, ಕೊಕ್ಕಿಗೆ ಕೊಕ್ಕು ಹಿಡಿದು ನಿಂತಿದ್ದವು. ಒಂದೇ ಸಲ ಹಾರಿ ಕಾಲು ಮುಂದಕ್ಕೆ ಚಾಚಿದವು. ಕೆಳಗಿಳಿದಾಗ ನಮ್ಮದರ ಜುಟ್ಟು ಸೀಳಿತ್ತು, ರಾಗಿ ಹುಲ್ಲಿನ ಮೇಲೆ ರಕ್ತದ ಹನಿ. ಓಡಿಹೋಗಬಹುದಿತ್ತು, ಓಡಲಿಲ್ಲ. ಕಣ್ಣು ಮುಚ್ಚಿಹೋದ ಮೇಲೂ ಕಾಲು ಕೆರೆಯುತ್ತಲೇ ಇತ್ತು. ಕೊನೆಗೆ ಅದರ ಮೇಲೆ ಮಂಕರಿ ಕವುಚಿದೆ. ಜಗಳದ ನಡುವೆ ಬರಿಗೈ ಹಾಕಬೇಡಿ, ಕಾಲಿನ ಮುಳ್ಳು ಅಂಗೈಯನ್ನೇ ಸೀಳುತ್ತದೆ.

ಒಂದೇ ಮನೆಯ ಹುಂಜಗಳು ಜಗಳವಾಡಿದರೆ ಯಾವುದು ಮೇಲು, ಯಾವುದು ಕೆಳಗು ಎಂಬುದು ಕೆಲವೇ ದಿನಗಳಲ್ಲಿ ತೀರ್ಮಾನವಾಗುತ್ತದೆ. ಸೋತದ್ದು ದಾರಿ ಬಿಡುತ್ತದೆ, ಅಲ್ಲಿಗೆ ಮುಗಿಯಿತು. ಪಕ್ಕದ ಮನೆಯ ಹುಂಜದೊಂದಿಗೆ ಹಾಗಾಗುವುದಿಲ್ಲ. ಸೋತ ಹುಂಜ ಸಂಜೆ ತನ್ನ ಗೂಡಿಗೆ, ತನ್ನ ಹೇಂಟೆಗಳ ಬಳಿಗೆ ಮರಳುತ್ತದೆ. ಅಲ್ಲಿ ಅದೇ ಯಜಮಾನ. ರಾತ್ರಿ ಕಳೆದರೆ ಮತ್ತೆ ಎದೆ ಉಬ್ಬಿಸಿಕೊಂಡು ಅದೇ ತಿಪ್ಪೆಗೆ ಹೊರಡುತ್ತದೆ. ದಿನವೂ ಹೊಸ ಜಗಳ, ದಿನವೂ ಹೊಸ ಗಾಯ. ಅವೇ ಸರಿಮಾಡಿಕೊಳ್ಳುತ್ತವೆ ಎಂದು ಕೈಕಟ್ಟಿ ಕೂರುವುದು ನನ್ನ ದೃಷ್ಟಿಯಲ್ಲಿ ಸಾಕುವವರು ಮಾಡುವ ತಪ್ಪು.

ಇದರ ಮೇಲೆ ನಾವು ಮನುಷ್ಯರು ಮಾನದ ಪ್ರಶ್ನೆ ಬೇರೆ ತಂದುಕೊಂಡೆವು. "ನಿಮ್ಮ ಹುಂಜವೇ ಮೊದಲು ಬೇಲಿ ದಾಟಿದ್ದು" ಎಂದರು ಅಕ್ಕ. "ನಿಮ್ಮದನ್ನು ಕಟ್ಟಿಹಾಕಿ" ಎಂದೆ ನಾನು. ಹದಿನೈದು ದಿನ ಮಾತಿಲ್ಲ. ಜಗಳ ನೋಡಲು ಬೀದಿಯ ಹುಡುಗರು ಮೊಬೈಲ್ ಹಿಡಿದು ಸೇರತೊಡಗಿದರು, ಒಬ್ಬ ಹುಂಜವನ್ನು ಎತ್ತಿ ಎದುರಿಗೆ ಬಿಟ್ಟೂ ಬಿಟ್ಟ. ನನಗೆ ಮೈ ಉರಿಯಿತು. ಮೋಜಿಗಾಗಿ ಪ್ರಾಣಿಗಳನ್ನು ಕೆರಳಿಸಿ ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಅದನ್ನು ಹೇಳಿಯೇ ಅವರನ್ನು ಕಳುಹಿಸಿದೆ.

ಕಣ್ಣು ಹೋದ ದಿನ ಅಕ್ಕನೇ ಅರಿಶಿನ ತೇಯ್ದುಕೊಂಡು ಬಂದರು. ಗಾಯ ತೊಳೆದು ಹಚ್ಚಿದೆವು. ಗಾಯಗೊಂಡ ಹುಂಜವನ್ನು ಬೇರೆ ಮಾಡಲೇಬೇಕು, ರಕ್ತ ಕಂಡರೆ ಸ್ವಂತ ಹೇಂಟೆಗಳೇ ಕುಕ್ಕುತ್ತವೆ. ಆದರೆ ದೂರದ ಕೋಣೆಯಲ್ಲಿ ಮುಚ್ಚಿಡಬಾರದು. ಬಹಳ ದಿನ ಕಣ್ಮರೆಯಾಗಿದ್ದರೆ ಮರಳಿದಾಗ ತನ್ನ ಗುಂಪಿಗೇ ಪರಕೀಯವಾಗಿ, ಅಲ್ಲಿಯೂ ಜಗಳ ಶುರುವಾಗುತ್ತದೆ. ನಾವು ಜಗುಲಿಯ ಮೇಲೆ, ಹೇಂಟೆಗಳಿಗೆ ಕಾಣುವಂತೆ ಇಟ್ಟೆವು.

ಅಂದೇ ಲೆಕ್ಕ ಹಾಕಿದಾಗ ನಿಜವಾದ ಕಾರಣ ಸಿಕ್ಕಿತು. ನಮ್ಮಲ್ಲಿ 14 ಹೇಂಟೆಗಳಿಗೆ 3 ಹುಂಜ, ಅವರಲ್ಲಿ 6 ಹೇಂಟೆಗಳಿಗೆ 3. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಹೇಂಟೆ ಸಾಲದ ಹುಂಜಗಳು ಬೇಲಿ ದಾಟದೆ ಏನು ಮಾಡುತ್ತವೆ? ಹೊಸತೊಡಕಿಗೆ ನಾಟಿ ಹುಂಜಕ್ಕೆ ಒಳ್ಳೆಯ ಬೆಲೆ. ಅವರು ಎರಡನ್ನು, ನಾವು ಒಂದನ್ನು ಮಾರಿದೆವು. ಎಲ್ಲವನ್ನೂ ಮಾರಬಾರದು. ಹದ್ದು ಬಂದಾಗ ಮೊದಲು ಕೂಗಿ ಎಚ್ಚರಿಸುವುದು ಹುಂಜವೇ.

ತಿಪ್ಪೆಯನ್ನು ಎರಡು ಮಾಡಿದೆವು. ಇದರಿಂದಾದ ಉಪಕಾರ ಮತ್ತಾವುದರಿಂದಲೂ ಆಗಲಿಲ್ಲ. ಮೊದಲು ತಂತಿ ಜಾಲರಿ ಹಾಕಿದ್ದೆ, ಅದು ಬರೀ ದಂಡ: ಎದುರಾಳಿ ಕಾಣುತ್ತಿದ್ದರೆ ಜಾಲರಿಯ ಸಂದಿನಲ್ಲೇ ಕಾದಾಡಿ ಜುಟ್ಟು ಹರಿದುಕೊಳ್ಳುತ್ತವೆ. ಅದಕ್ಕೇ ಗಿಡಗಳಿಗೆ ನೆರಳಿಗೆಂದು ಕಟ್ಟುವ ಹಳೆಯ ಶೇಡ್ ನೆಟ್ ಅನ್ನು ಮಡಿಸಿ ಬೇಲಿಯ ಬುಡದಿಂದ ಮೂರು ಅಡಿ ಎತ್ತರಕ್ಕೆ ಕಟ್ಟಿದೆವು. ಕಣ್ಣಿಗೆ ಕಾಣದಿದ್ದರೆ ರೋಷ ಅರ್ಧ ಇಳಿಯುತ್ತದೆ. ಬೆಳಿಗ್ಗೆ ಗೂಡು ತೆಗೆದ ಕೂಡಲೇ ರಾಗಿಯನ್ನು ಅಂಗಳದಲ್ಲೇ ಚೆಲ್ಲುತ್ತೇವೆ, ಬೇಲಿಯತ್ತ ಒಂದು ಕಾಳೂ ಬೀಳಬಾರದು. ಹುಂಜದ ಕಾಲುಮುಳ್ಳಿನ ತುದಿಯನ್ನಷ್ಟೇ ಅರದಿಂದ ಉಜ್ಜಿ ಮೊಂಡು ಮಾಡಿದ್ದೇನೆ. ಬುಡದವರೆಗೆ ಕತ್ತರಿಸಬೇಡಿ, ಒಳಗೆ ಜೀವವಿರುವ ಎಲುಬಿದೆ.

ಎರಡೂ ಮನೆಗಳಲ್ಲಿ ಒಟ್ಟಿಗೆ ಮಾಡದಿದ್ದರೆ ಇದೆಲ್ಲ ವ್ಯರ್ಥ. ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನೂ ಈಗ ಒಂದೇ ದಿನ ಹಾಕಿಸುತ್ತೇವೆ.

ಒಕ್ಕಣ್ಣಿನ ಹುಂಜ ಚೇತರಿಸಿಕೊಂಡು ನಸುಕಿಗೆ ಕೂಗುತ್ತಿದೆ, ಆಚೆಯಿಂದ ಉತ್ತರವೂ ಬರುತ್ತದೆ. ಅಕ್ಕನ ಮನೆಯಲ್ಲಿ ಹೇಂಟೆಯೊಂದು 11 ಮೊಟ್ಟೆಗೆ ಕಾವು ಕೂತಿದೆ. 21 ದಿನಕ್ಕೆ ಮರಿ, ಹುಂಜ ಯಾವುದೆಂದು ಗುರುತು ಸಿಗಲು ಮತ್ತೆ ಒಂದೆರಡು ತಿಂಗಳು. ಯಾವುದನ್ನು ಉಳಿಸಿಕೊಳ್ಳುವುದೆಂದು ಆಗ ಇಬ್ಬರೂ ಕೂತು ನೋಡುವುದೆಂದು ಮಾತಾಗಿದೆ.