ಹಸು ಯಾವ ದಿಕ್ಕಿಗೆ ನಿಂತಿತ್ತು

ಒಂದೇ ಒಂದು ಫೋಟೋ ತೋರಿಸೋಣ ಅಂತ ಫೋನನ್ನು ಕೈಗೆ ಕೊಡುತ್ತೇವೆ. ತೆಗೆದುಕೊಂಡವರ ಹೆಬ್ಬೆರಳು ಸುಮ್ಮನಿರುವುದಿಲ್ಲ. ‘ಇಲ್ನೋಡಿ, ಬೆಳಿಗ್ಗೆ ಇಲ್ಲಿ ಎಂಥಾ ಮಂಜು ಅಂದ್ರೆ...’ ಎಂದು ನಾವು ಬಾಯಿ ತೆರೆಯುವಷ್ಟರಲ್ಲಿ ಮಂಜು, ಬೆಟ್ಟ, ಜಲಪಾತ ಮೂರೂ ಹಾರಿಹೋಗಿ, ಯಾರಿಗೂ ತೋರಿಸುವ ಇಷ್ಟವಿಲ್ಲದ ಔಷಧದ ಚೀಟಿ ಪರದೆಯ ಮೇಲೆ ಬಂದು ನಿಂತಿರುತ್ತದೆ. ಅದನ್ನು ಮಾತ್ರ ನಿಧಾನವಾಗಿ, ಎರಡು ಬೆರಳಲ್ಲಿ ಹಿಗ್ಗಿಸಿ ಓದುತ್ತಾರೆ. ‘ಇದ್ಯಾಕೆ, ಹುಷಾರಿಲ್ವಾ?’

ನಮ್ಮ ಭಾವ ಈ ಪೈಕಿ. ಮೊನ್ನೆ ನನ್ನ ಪ್ರವಾಸದ ಫೋಟೋ ನೋಡಲು ಕೂತವರು ಜಲಪಾತವನ್ನು ನೀರು ಬೀಳುವುದಕ್ಕಿಂತ ಬೇಗ ದಾಟಿದರು. ಆಮೇಲೆ ಡೇರಿ ಫಾರ್ಮ್ ಶುರುವಾಯಿತು. ಹಸು. ಹಸು. ಹಸುವಿನ ಮೂತಿ. ಮತ್ತೆ ಹಸು. ಹೆಬ್ಬೆರಳು ನಿಂತಿತು.

‘ಏನಯ್ಯಾ ಇದು? ಊರು ನೋಡಕ್ಕೆ ಹೋಗಿದ್ಯೋ, ಹಸು ಕೊಳ್ಳಕ್ಕೆ ಹೋಗಿದ್ಯೋ?’

ನನಗೆ ಸ್ವಲ್ಪ ರೇಗಿತು. ಹಸು ನೋಡುವುದು ಪ್ರವಾಸವಲ್ಲ ಅಂತ ಯಾರು ಹೇಳಿದರು? ಹಸುಗಳನ್ನು ತಿರುಗುವ ವೇದಿಕೆಯ ಮೇಲೆ ನಿಲ್ಲಿಸಿ ಹಾಲು ಕರೆಯುವ ಯಂತ್ರ 1930ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಶುರುವಾಯಿತು. 1939ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವ ಪ್ರದರ್ಶನ ನಡೆದಾಗ ಅದನ್ನೇ ತಂದು ಜನರ ಮುಂದಿಟ್ಟರು. ನಾಳಿನ ಪ್ರಪಂಚ ಹೇಗಿರುತ್ತದೆ ಎಂದು ನೋಡಲು ಬಂದವರು ಹಸು ಗುಂಡಗೆ ಸುತ್ತುವುದನ್ನು ನೋಡುತ್ತಾ ನಿಂತರು. ಇದನ್ನೆಲ್ಲ ಭಾವನಿಗೆ ಹೇಳಿದೆ. ಅವರು ಔಷಧದ ಚೀಟಿಗೆ ವಾಪಸ್ ಹೋಗಿದ್ದರು.

ನೋಡುವ ಜಾಗಗಳ ಫೋಟೋ ಬಗ್ಗೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ವ್ಯೂ ಪಾಯಿಂಟಿನಲ್ಲಿ ಒಂದು ಕಬ್ಬಿಣದ ಕಂಬಿ ಹಾಕಿರುತ್ತಾರೆ. ಎಲ್ಲರೂ ಅದಕ್ಕೇ ಒರಗಬೇಕು, ಎಲ್ಲರ ಹಿಂದೆಯೂ ಅದೇ ಕಣಿವೆ ಬರಬೇಕು. ನನ್ನ ಫೋಟೋವನ್ನು ಇನ್ಯಾರದ್ದೋ ಜೊತೆ ಅದಲುಬದಲು ಮಾಡಿದರೆ ಮುಂದಿರುವ ತಲೆಗಳಷ್ಟೇ ವ್ಯತ್ಯಾಸ. ಅದನ್ನೇ ಹದಿನೈದು ಸಲ ಒತ್ತುತ್ತೇವೆ, ಒಬ್ಬರಾದರೂ ಕಣ್ಣು ಮುಚ್ಚಿರುತ್ತಾರೆ ಅಂತ. 1888ರ ಮೊದಲ ಕೊಡಾಕ್ ಕ್ಯಾಮೆರಾದಲ್ಲಿ 100 ಚಿತ್ರಕ್ಕಾಗುವ ರೀಲನ್ನು ತುಂಬಿಯೇ ಮಾರುತ್ತಿದ್ದರು. ಮುಗಿದ ಮೇಲೆ ಕ್ಯಾಮೆರಾ ಸಮೇತ ಕಂಪನಿಗೆ ಕಳಿಸಬೇಕಿತ್ತು. ಬಂದ ನೆಂಟರಿಗೆಲ್ಲ ಪ್ರವಾಸದ ಫೋಟೋ ತೋರಿಸುವ ಚಟ ಆ ಕಾಲದಲ್ಲೂ ಇದ್ದಿರಬಹುದು. ಆದರೆ ನೆಂಟರ ಕಷ್ಟ ನೂರಕ್ಕೆ ಮುಗಿಯುತ್ತಿತ್ತಲ್ಲ.

ಹಸುವಿನ ಫೋಟೋ ಹಾಗಲ್ಲ. ಅದು ಸುಲಭ ಅನ್ನುವವರು ತೆಗೆದು ನೋಡಿಲ್ಲ ಅಷ್ಟೆ. ಹಸುವಿನ ಕಣ್ಣು ತಲೆಯ ಅಕ್ಕಪಕ್ಕದಲ್ಲಿದೆ. ಹೆಚ್ಚುಕಮ್ಮಿ ಸುತ್ತಲೂ ಅದಕ್ಕೆ ಕಾಣುತ್ತದೆ. ಕಾಣದಿರುವುದು ಸರಿಯಾಗಿ ಅದರ ಹಿಂದೆ. ಗೊತ್ತಾಗದ ಹಾಗೆ ತೆಗೆಯೋಣ ಅಂತ ಅಲ್ಲಿ ಹೋಗಿ ನಿಲ್ಲುವ ಧೈರ್ಯವಿದ್ದರೆ ನಿಲ್ಲಿ. ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುವ ಪ್ರಾಣಿ ಬೇರೆ. ಮೈ ಅಲ್ಲಾಡುವುದಿಲ್ಲ, ದವಡೆ ನಿಲ್ಲುವುದಿಲ್ಲ. ಅದಕ್ಕೇ ನನ್ನ ಎಲ್ಲ ಹಸುಗಳ ಬಾಯಿಯೂ ಒಂದು ಕಡೆಗೆ ವಾಲಿದೆ, ನನ್ನ ಬಗ್ಗೆ ಏನೋ ಹೇಳಲು ಹೊರಟು ತಡೆದುಕೊಂಡ ಹಾಗೆ. ಕೊಟ್ಟಿಗೆಯಲ್ಲಿ ಬೆಳಕು ಕಮ್ಮಿ ಅಂತ ಫ್ಲಾಶ್ ಹಾಕಿದರೆ ಇನ್ನೊಂದು ಅವಾಂತರ. ಮನುಷ್ಯರ ಕಣ್ಣು ಫ್ಲಾಶಿಗೆ ಕೆಂಪಗಾಗುತ್ತದೆ. ಹಸುವಿನ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಎಸೆಯುವ ಒಂದು ಪದರ ಇರುವುದರಿಂದ ಅದರ ಕಣ್ಣು ನೀಲಿ-ಹಸಿರಾಗಿ ಹೊಳೆಯುತ್ತದೆ. ಆ ಫೋಟೋ ನೋಡಿ ನಮ್ಮ ಅಕ್ಕ ಹೆದರಿದಳು.

ಕಪ್ಪು ಬಿಳುಪಿನ ಹೋಲ್‌ಸ್ಟೀನ್ ಹಸುಗಳ ಮಚ್ಚೆ ಒಂದಕ್ಕಿದ್ದಂತೆ ಇನ್ನೊಂದಕ್ಕಿರುವುದಿಲ್ಲ. ಅವುಗಳ ತಳಿಯ ದಾಖಲೆಯಲ್ಲಿ ಹಿಂದೆ ಪ್ರತಿ ಹಸುವಿನ ಮಚ್ಚೆಗಳನ್ನೂ ಚಿತ್ರ ಬರೆದಿಡುತ್ತಿದ್ದರು. ಮೂಗಿನ ಗೆರೆಗಳೂ ಅಷ್ಟೆ, ನಮ್ಮ ಬೆರಳಚ್ಚಿನ ಥರ ಒಂದೊಂದಕ್ಕೆ ಒಂದೊಂದು. ಆ ಮೂಗಚ್ಚಿನಿಂದ ಹಸುವಿನ ಗುರುತು ಹಿಡಿಯಬಹುದು ಅಂತ 1922ರಲ್ಲೇ ಒಬ್ಬರು ಪ್ರಬಂಧ ಬರೆದಿದ್ದಾರೆ. ಇತ್ತ ನಮ್ಮ ಗ್ರೂಪ್ ಫೋಟೋದಲ್ಲಿ ಟೋಪಿ, ಕಪ್ಪು ಕನ್ನಡಕ ಹಾಕಿದವರು ಯಾರ್ಯಾರು ಅಂತ ಇವತ್ತಿಗೂ ಜಗಳ ಮುಗಿದಿಲ್ಲ.

ಇದೆಲ್ಲ ಪೀಠಿಕೆ. ಪ್ರವಾಸದ ಫೋಟೋಗಳನ್ನು ನಾವು ಯಾಕೆ ಇನ್ನೊಬ್ಬರಿಗೆ ತೋರಿಸುತ್ತೇವೆ ಎಂಬ ಬಗ್ಗೆ ನನಗೆ ಒಂದು ದೊಡ್ಡ ವಿಚಾರ ಹೊಳೆದಿತ್ತು, ಅದನ್ನು ಹೇಳಲೆಂದೇ ಕೂತದ್ದು. ಅದಕ್ಕೆ ಮುಂಚೆ ದಿಕ್ಕಿನ ವಿಷಯ ಹೇಳಿಬಿಡುತ್ತೇನೆ.

2008ರಲ್ಲಿ ಜರ್ಮನಿಯ ಮತ್ತು ಝೆಕ್ ದೇಶದ ಕೆಲವು ವಿಜ್ಞಾನಿಗಳು ಗೂಗಲ್ ಅರ್ಥ್ ತೆರೆದು ದನಗಳನ್ನು ನೋಡಿದರು. ಪ್ರಪಂಚದ ಬೇರೆ ಬೇರೆ ಕಡೆಯ 308 ಹುಲ್ಲುಗಾವಲು, 8,510 ದನ. ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಒಂದೊಂದಾಗಿ ಎಣಿಸಿ ಅವರು ಹೇಳಿದ್ದು ಇಷ್ಟು: ಮೇಯುವಾಗಲೂ ಮಲಗಿರುವಾಗಲೂ ದನಗಳು ಹೆಚ್ಚಾಗಿ ಉತ್ತರ-ದಕ್ಷಿಣವಾಗಿ ಇರುತ್ತವೆ. ಭೂಮಿಯ ಅಯಸ್ಕಾಂತ ಶಕ್ತಿ ಅವುಗಳಿಗೆ ಗೊತ್ತಾಗುತ್ತಿರಬೇಕು. ನನಗೆ ಇದರಲ್ಲಿ ತುಂಬಾ ಹಿಡಿಸಿದ ಮಾತು ಇನ್ನೊಂದು. ಅಷ್ಟು ಎತ್ತರದಿಂದ ತಲೆ ಯಾವುದು, ಬಾಲ ಯಾವುದು ಅಂತ ಬಹಳ ಕಡೆ ತಿಳಿಯುತ್ತಿರಲಿಲ್ಲ. ಉದ್ದಕ್ಕೆ ಹೇಗಿದೆ ಅನ್ನುವುದಷ್ಟೇ ಲೆಕ್ಕ. ಉತ್ತರಕ್ಕೆ ಮುಖವೋ ಉತ್ತರಕ್ಕೆ ಬಾಲವೋ ಹಸುವೇ ಹೇಳಬೇಕು.

2011ರಲ್ಲಿ ಝೆಕ್ ದೇಶದ ಇನ್ನೊಂದು ತಂಡ ತಾನೂ ಅಂಥ ಚಿತ್ರಗಳನ್ನೇ ನೋಡಿ, ನಮಗಂತೂ ಉತ್ತರವೂ ಕಾಣಲಿಲ್ಲ ದಕ್ಷಿಣವೂ ಕಾಣಲಿಲ್ಲ ಎಂದಿತು. ಮೊದಲಿನವರು ಬಿಡುತ್ತಾರೆಯೇ? ನೀವು ನೋಡಿದ್ದರಲ್ಲಿ ಅರ್ಧ ಲೆಕ್ಕಕ್ಕೆ ಬರುವುದಿಲ್ಲ, ಕೆಲವು ಇಳಿಜಾರು, ಕೆಲವು ಕರೆಂಟಿನ ದೊಡ್ಡ ತಂತಿಯ ಹತ್ತಿರ, ಇನ್ನು ಕೆಲವು ದನವೇ ಅಲ್ಲ, ಕುರಿಯೋ ಹುಲ್ಲಿನ ಕಂತೆಯೋ ಇರಬೇಕು ಎಂದರು. ಓದಿದ ಜನ ಹುಲ್ಲಿನ ಕಂತೆಯ ವಿಷಯಕ್ಕೆ ಇಷ್ಟು ಗಂಭೀರವಾಗಿ ಜಗಳವಾಡಿದ್ದು ನನಗೆ ತುಂಬ ಸಮಾಧಾನ ಕೊಟ್ಟಿದೆ. ಫೋಟೋದಲ್ಲಿರುವುದು ಏನು ಅಂತ ವಾದಿಸುವುದು ನಮ್ಮ ಮನೆಯಲ್ಲಿ ಮಾತ್ರ ಅಲ್ಲ.

ಇದನ್ನು ಕೇಳಿದ್ದೇ ಭಾವ ನೆಟ್ಟಗೆ ಕೂತರು. ಫೋಟೋ ತೆಗೆದಾಗ ಫೋನು ಯಾವ ದಿಕ್ಕಿಗೆ ತಿರುಗಿತ್ತು ಎಂಬುದೂ ಎಷ್ಟೋ ಫೋನುಗಳಲ್ಲಿ ದಾಖಲಾಗಿರುತ್ತದೆ. ನನ್ನದರಲ್ಲಿ ಇತ್ತು. ‘ಹಾಗಾದ್ರೆ ನಿನ್ನ ಹಸುಗಳನ್ನೇ ನೋಡಿಬಿಡೋಣ’ ಅಂದರು. ಒಂದು ಹಾಳೆ ತಂದರು. ಜಲಪಾತಕ್ಕೆ ಅರೆ ಕ್ಷಣ ಕೊಡದವರು ಒಂದೊಂದು ಹಸುವಿಗೂ ಬಾಣದ ಗುರುತು ಬರೆಯತೊಡಗಿದರು. ಮೊದಲ ಹಸು ಉತ್ತರ. ಎರಡನೆಯದು ಉತ್ತರ. ಎದುರು ಸಾಲಿನದು ದಕ್ಷಿಣ. ‘ನೋಡ್ದಾ!’ ಎಂದು ತೊಡೆ ತಟ್ಟಿದರು.

ನಾನು ಸುಮ್ನೆ ಇರಬಹುದಿತ್ತು, ಇರಲಿಲ್ಲ. ಅದು ಕೊಟ್ಟಿಗೆ ಭಾವ, ಅಂದೆ. ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ಕಟ್ಟಿದ್ದಾರೆ, ಬಿಸಿಲು ನೇರವಾಗಿ ಒಳಗೆ ನುಗ್ಗದಿರಲಿ ಅಂತ. ಮೇವು ಹಾಕುವ ದಾರಿ ನಡುವೆ ಇದೆ. ಹಸುಗಳು ಅತ್ತ ಒಂದು ಸಾಲು, ಇತ್ತ ಒಂದು ಸಾಲು. ಮೇವಿರುವ ಕಡೆಗೆ ಮುಖ ಮಾಡಿದರೆ ಉತ್ತರವೋ ದಕ್ಷಿಣವೋ ಆಗಲೇಬೇಕು. ಅದು ಕೊಟ್ಟಿಗೆ ಕಟ್ಟಿದವರ ಇಷ್ಟ, ಹಸುವಿನದಲ್ಲ.

‘ಕಟ್ಟಿದವರಿಗೆ ಆ ಬುದ್ಧಿ ಕೊಟ್ಟಿದ್ದು ಯಾರು? ಹಸುವೇ ಇರಬಹುದಲ್ಲ?’

ಇಂಥ ಮಾತಿಗೆ ಉತ್ತರ ಹುಡುಕಬಾರದು. ಹೊರಗೆ ಬಯಲಿನಲ್ಲಿದ್ದ ಹಸುಗಳನ್ನು ತೆಗೆದೆವು. ಅವು ಒಂದೂ ಪ್ರಯೋಜನಕ್ಕೆ ಬರಲಿಲ್ಲ. ಎಲ್ಲವೂ ನನ್ನ ಕಡೆಗೇ ತಿರುಗಿ ನಿಂತಿದ್ದವು. ಹೊಸಬರು ಬಂದರೆ ಹಸುಗಳಿಗೆ ಅಷ್ಟು ಕುತೂಹಲ. ನಾನು ಪಶ್ಚಿಮದಲ್ಲಿ ನಿಂತಿದ್ದರೆ ಪಶ್ಚಿಮ, ಪೂರ್ವದಲ್ಲಿ ನಿಂತಿದ್ದರೆ ಪೂರ್ವ. ವಿಜ್ಞಾನಿಗಳು ಆಕಾಶದಿಂದ ನೋಡಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಭಾವ ಮಾತ್ರ ಬೇಸರ ಮಾಡಿಕೊಂಡರು. ‘ಸ್ವಲ್ಪ ಮರೆಯಲ್ಲಿ ನಿಂತು ತೆಗೆಯೋದಲ್ವಾ’ ಎಂದು ಕೆಲಸ ಕೆಡಿಸಿದವನನ್ನು ನೋಡುವ ಹಾಗೆ ನೋಡಿದರು. ಒಳಗಿನಿಂದ ಅಕ್ಕ, ‘ಇಬ್ರಿಗೂ ಬೇರೆ ಕೆಲಸ ಇಲ್ವಾ?’ ಎಂದಳು. ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

ಆ ದೊಡ್ಡ ವಿಚಾರ ಇನ್ನೊಮ್ಮೆ ಹೇಳುತ್ತೇನೆ. ಈಗ ಅವಸರದ್ದು ಬೇರೆ ಇದೆ. ಫೋನು ತುಂಬಿದೆ, ಏನಾದರೂ ಅಳಿಸಿ ಅಂತ ಪದೇ ಪದೇ ಗೋಗರೆಯುತ್ತಿದೆ. ಹಸುಗಳನ್ನು ತೆಗೆದರೆ ಅರ್ಧ ಖಾಲಿಯಾಗುತ್ತದೆ ಎನ್ನುವುದು ಅಕ್ಕನ ಸಲಹೆ. ನಾನು ಜಲಪಾತವನ್ನೂ ವ್ಯೂ ಪಾಯಿಂಟನ್ನೂ ಅಳಿಸಿದೆ. ಜೊತೆಗೆ ಬಂದಿದ್ದ ಎಲ್ಲರ ಫೋನಿನಲ್ಲೂ ಅವು ಇವೆ, ನನ್ನದಕ್ಕಿಂತ ಚೆನ್ನಾಗಿಯೇ ಬಂದಿವೆ. ಬೇಕಾದವರು ಅವರನ್ನು ಕೇಳಬಹುದು.