ಮ್ಯಾಚ್ ಎಲ್ಲರದ್ದು, ಡಿಶ್ ಯಾರದ್ದು?

ನಿಮ್ಮ ಮನೆಯಲ್ಲಿ ಕೇಬಲ್ ಇದೆಯಾ? ತಿಂಗಳು ತಿಂಗಳು ತಪ್ಪದೆ ದುಡ್ಡು ಕಟ್ಟುತ್ತೀರಾ? ಹಾಗಾದ್ರೆ ಕ್ಷಮಿಸಿ, ಇಂಡಿಯಾ ಮ್ಯಾಚನ್ನು ದೂರದರ್ಶನದಲ್ಲಿ ಪುಕ್ಕಟೆ ನೋಡುವ ಭಾಗ್ಯ ನಿಮಗಿಲ್ಲ.

ಕಾನೂನೇನೋ ಚೆನ್ನಾಗಿಯೇ ಇದೆ. ರಾಷ್ಟ್ರೀಯ ಮಹತ್ವದ ಪಂದ್ಯ ದೇಶದ ಎಲ್ಲರಿಗೂ ಸಿಗಬೇಕು ಅಂತ 2007ರಲ್ಲಿ ಕಾಯ್ದೆ ಬಂತು. ಕೋಟಿಗಟ್ಟಲೆ ಸುರಿದು ಹಕ್ಕು ಕೊಂಡ ಖಾಸಗಿ ಚಾನೆಲ್, ಜಾಹೀರಾತಿಲ್ಲದ ನೇರ ಪ್ರಸಾರವನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕು. ದೂರದರ್ಶನ ತನ್ನ ಜಾಹೀರಾತು ಹಾಕಿಕೊಂಡು ದುಡಿದದ್ದರಲ್ಲಿ ಹಕ್ಕುದಾರರಿಗೆ 75 ಪಾಲು, ತನಗೆ 25. ಸ್ಕೋರ್ ಪಟ್ಟಿಯ ಪಕ್ಕದಲ್ಲಿರುವ ಕಂಪನಿ ಲೋಗೋ ಜಾಹೀರಾತು ಹೌದೋ ಅಲ್ಲವೋ ಅಂತ 2016ರಲ್ಲಿ ಸುಪ್ರೀಂ ಕೋರ್ಟೇ ಕೂತು ತೀರ್ಮಾನಿಸಬೇಕಾಯಿತು. (ಹೌದಂತೆ.)

ಮರುವರ್ಷ ಅದೇ ಕೋರ್ಟು ಇನ್ನೊಂದು ಮಾತು ಹೇಳಿತು. ಕಾಯ್ದೆಯಲ್ಲಿ ಬರೆದಿರುವುದು ದೂರದರ್ಶನದ ಸ್ವಂತ ಟವರು, ಸ್ವಂತ ಡಿಟಿಎಚ್ (ತಿಂಗಳ ದುಡ್ಡಿಲ್ಲದ ಫ್ರೀ ಡಿಶ್) ಅಷ್ಟೆ. ಕೇಬಲ್‌ನವರಿಗೆ ಈ ಪ್ರಸಾರ ದಾಟಿಸುವಂತಿಲ್ಲ. ಕೋರ್ಟಿನದ್ದೇನೂ ತಪ್ಪಿಲ್ಲ, ಬರೆದದ್ದನ್ನು ಓದಿದರು. ತಮಾಷೆ ಏನಂದ್ರೆ, ದೂರದರ್ಶನದ ಚಾನೆಲ್‌ಗಳನ್ನು ಕೇಬಲ್‌ನವರು ತೋರಿಸಲೇಬೇಕು ಅನ್ನುವುದಕ್ಕೂ ಬೇರೊಂದು ಕಾನೂನಿದೆ! ಒಂದು ಕಾನೂನು ಚಾನೆಲ್ಲನ್ನು ನಿಮ್ಮ ಮನೆಯೊಳಗೆ ಕಳಿಸುತ್ತದೆ, ಇನ್ನೊಂದು ಬಾಗಿಲಲ್ಲೇ ಅದರ ಕೈಯಿಂದ ಮ್ಯಾಚು ಕಿತ್ತುಕೊಳ್ಳುತ್ತದೆ.

ಹಾಗಾಗಿ ಒಂದೇ ವಠಾರದಲ್ಲಿ ಈಚೆ ಮನೆಯ ಫ್ರೀ ಡಿಶ್‌ನಲ್ಲಿ ಬುಮ್ರಾ ಓಡಿ ಬರುತ್ತಿರುತ್ತಾರೆ. ಆಚೆ ಮನೆಯವರು ಅದೇ ಸರ್ಕಾರಿ ಚಾನೆಲ್ ಹಾಕಿದರೆ ಬೇರೇನೋ ಬರುತ್ತಿರುತ್ತದೆ.

"ರೀ, ನಿಮ್ಮನೇಲಿ ಮ್ಯಾಚ್ ಬರ್ತಿದೆಯಾ?"

"ಬರ್ತಿದೆಯಲ್ರೀ. ನೀವು ದುಡ್ಡು ಕಟ್ತೀರೇನೋ?"

"ಹೂಂ, ಕಟ್ತೀವಿ."

"ಅದಕ್ಕೇ ಬರ್ತಿಲ್ಲ."

ಹೋಗಲಿ, ಟವರ್ ಇದೆಯಲ್ಲ, ಹಳೆ ಅಂಟೆನಾ ಹಾಕಿಕೊಳ್ಳೋಣ ಅಂತೀರಾ? ಕಾಯ್ದೆಯಲ್ಲಿ ಟವರಿಗೇ ಮೊದಲ ಮಣೆ. ಆದರೆ ಆಯಕಟ್ಟಿನ ಜಾಗಗಳ ಸುಮಾರು 50 ಬಿಟ್ಟು ಉಳಿದ ಅನಲಾಗ್ ಟ್ರಾನ್ಸ್‌ಮಿಟರ್‌ಗಳಿಗೆಲ್ಲ 2022ರ ಮಾರ್ಚ್‌ನೊಳಗೆ ಬೀಗ ಹಾಕುತ್ತೇವೆ ಅಂತ ದೂರದರ್ಶನವೇ ಹೇಳಿತ್ತು. ತಾರಸಿ ಮೇಲಿನ ಆ ಮೀನಿನ ಮುಳ್ಳಿಗೆ ಈಗ ಒದ್ದೆ ಟವೆಲ್ ನೇತುಹಾಕಬಹುದು.

ಈ ಕಾಯ್ದೆ ಹುಟ್ಟುವ ಮುಂಚಿನ ಕಥೆ ಇನ್ನೂ ಚೆಂದ. 2007ರ ಜನವರಿ, ವೆಸ್ಟ್ ಇಂಡೀಸ್ ತಂಡ ಇಲ್ಲಿಗೆ ಬಂದಿತ್ತು. ಹಕ್ಕುದಾರರಿಗೂ ದೂರದರ್ಶನಕ್ಕೂ ಜಗಳ ಹತ್ತಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ದೂರದರ್ಶನ ತೋರಿಸಲಿ, ಆದರೆ ಏಳು ನಿಮಿಷ ತಡವಾಗಿ ತೋರಿಸಲಿ ಅಂತ ಇತ್ಯರ್ಥವಾಯಿತು. ಅಂದ್ರೆ ಕೇಬಲ್ ಇರುವ ಪಕ್ಕದ ಮನೆಯಲ್ಲಿ "ಅಯ್ಯೋ!" ಅಂತ ಕೂಗು ಕೇಳಿದರೆ, ನಿಮ್ಮ ಟಿವಿಯಲ್ಲಿ ಬ್ಯಾಟ್ಸ್‌ಮನ್ ಇನ್ನೂ ಹಾಯಾಗಿ ಗ್ಲೌಸ್ ಸರಿಮಾಡಿಕೊಳ್ಳುತ್ತಿರುತ್ತಾನೆ. ಔಟಾಗುತ್ತಾನೆ ಅಂತ ನಿಮಗೆ ಗೊತ್ತು, ಪಾಪ ಅವನಿಗೆ ಗೊತ್ತಿಲ್ಲ. ಇಷ್ಟು ಸುಖ ಬಡವರಿಗೆ ಜಾಸ್ತಿಯಾಯಿತು ಅಂತಲೋ ಏನೋ, ನೇರ ಪ್ರಸಾರ ಹಂಚಿಕೊಳ್ಳಲೇಬೇಕು ಅಂತ ಸರ್ಕಾರ ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿತು.

ಇನ್ನು ಯಾವ ಪಂದ್ಯಕ್ಕೆ ರಾಷ್ಟ್ರೀಯ ಮಹತ್ವ ಇದೆ ಅನ್ನುವುದು. ಅದಕ್ಕೊಂದು ಸರ್ಕಾರಿ ಪಟ್ಟಿ. ಟೆಸ್ಟ್ ಆದರೆ ಅದರಲ್ಲಿ ಜನರಿಗೆ ಬಹಳ ಆಸಕ್ತಿ ಇದೆ ಅಂತ ಮೊದಲು ಕೇಂದ್ರ ಸರ್ಕಾರಕ್ಕೆ ಅನ್ನಿಸಬೇಕು. ಐದು ದಿನದ ಡ್ರಾ ಮೇಲಿನ ನಮ್ಮ ಆಸಕ್ತಿಯನ್ನು ಯಾವ ಟೇಬಲ್ ಮೇಲೆ ತೂಗುತ್ತಾರೋ! ಫುಟ್‌ಬಾಲ್ ವಿಶ್ವಕಪ್ ಫೈನಲ್ ಕೂಡ ಪಟ್ಟಿಯಲ್ಲಿದೆ. 2022ರಲ್ಲಿ ಅರ್ಜೆಂಟೀನಾ, ಫ್ರಾನ್ಸ್ ಆಡಿದ್ದು ಭಾರತದ ರಾಷ್ಟ್ರೀಯ ಮಹತ್ವದ ವಿಷಯ. ಐಪಿಎಲ್ ಮಾತ್ರ ಪಟ್ಟಿಯಲ್ಲಿ ಇಲ್ಲ. "ಈ ಸಲ ಕಪ್ ನಮ್ದೇ" ಅಂತ ವರ್ಷವರ್ಷ ಕೂಗಿ ಗಂಟಲು ಒಣಗಿಸಿಕೊಂಡವರಿಗೆ 2025ರ ಜೂನ್‌ನಲ್ಲಿ ನಿಜವಾಗಿಯೂ ಕಪ್ ಬಂದ ಆ ರಾತ್ರಿ, ಸರ್ಕಾರದ ಲೆಕ್ಕದಲ್ಲಿ ಯಾವ ಮಹತ್ವವೂ ಇಲ್ಲದ ಮಾಮೂಲಿ ಮಂಗಳವಾರ.

ಮುಂದಿನ ಫೈನಲ್ ಪುಕ್ಕಟೆ ಸಿಗಬೇಕಾದರೆ ಆರ್‌ಸಿಬಿಯವರು ಅರ್ಜೆಂಟೀನಾ ಅಂತ ಹೆಸರು ಬದಲಾಯಿಸಿಕೊಂಡು, ಬ್ಯಾಟ್ ಬಿಟ್ಟು ಕಾಲಲ್ಲಿ ಆಡಬೇಕು. ನೀವು ಇವತ್ತೇ ಕೇಬಲ್ ಕೀಳಿಸಿ.